ಮೂವರು ಬಾಡಿಗೆದಾರರು

ತಿರುವಲ್ಲಿಕ್ಕೇಣಿಯ ಮನೆಗೆ ತೆರಿಗೆ ಗೊತ್ತುಮಾಡುವವನು ಬಂದ ದಿನ ಗುಣವತಿಯಮ್ಮ ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿ ಹಾಕಿಕೊಂಡರು. ಗಂಡ ಹೋಟೆಲು ನಡೆಸುತ್ತಿದ್ದಾಗ ಅಡುಗೆಯವರು, ಮಾಣಿಗಳು ಎಲ್ಲ ಮಲಗುತ್ತಿದ್ದದ್ದು ಇದೇ ಮನೆಯಲ್ಲಿ. ಗಂಡ ತೀರಿಹೋಗಿ, ಹೋಟೆಲು ಕೈ ಬದಲಾಗಿ, ಅವರೆಲ್ಲ ಚದುರಿದರೂ ಕೋಣೆಗಳಿಗೆ ಅವರ ಹೆಸರು ಉಳಿದಿತ್ತು. ಅದೇ ರೂಢಿಯಲ್ಲಿ ಈಯಮ್ಮ, "ಇದು ಐತಪ್ಪನ ಕೋಣೆ, ಅದು ಚಂದುವಿನದು, ಮಹಡಿಯದು ಬಾಬುವಿನದು" ಎಂದು ತೋರಿಸಿ, ಅದರ ಮೇಲೆ ಕಾಫಿಯನ್ನೂ ಕೊಟ್ಟರು. ಆತ ಕಾಫಿ ಕುಡಿದು, ಮೂವರು ಬಾಡಿಗೆದಾರರು ಎಂದು ಬರೆದುಕೊಂಡು ಹೋದ.

ಮನೆಗೆ ಎಷ್ಟು ಬಾಡಿಗೆ ಬಂದೀತು ಎಂದು ಲೆಕ್ಕ ಹಾಕಿಯೇ ಕಾರ್ಪೊರೇಷನ್ನಿನವರು ತೆರಿಗೆ ಹೇರುವುದು. ನೋಟೀಸು ಬಂದಾಗ ಅದು ಇಮ್ಮಡಿಯಾಗಿತ್ತು. ಇಳಿಸದಿದ್ದರೆ ಮಹಡಿಯದೂ ಸೇರಿ ಮೂರೂ ಕೋಣೆಗಳನ್ನು ನಿಜವಾಗಿಯೂ ಬಾಡಿಗೆಗೆ ಕೊಡಬೇಕು. ಬಾಬು ಅವರ ಒಬ್ಬನೇ ಮಗ. ಅವನು ಹೋಗಿ ಆರು ವರ್ಷವಾದರೂ ಅವನ ಪುಸ್ತಕಗಳನ್ನು ಅವರು ಅಲ್ಲಿಂದ ಕದಲಿಸಿರಲಿಲ್ಲ.

ಪ್ಯಾರೀಸ್ ಕಾರ್ನರಿನ ಮಂಡಿಯೊಂದರಲ್ಲಿ ಗುಮಾಸ್ತನಾಗಿದ್ದ ಅಣ್ಣನ ಮಗ ಕೃಷ್ಣರಾಜ ವಾಯಿದೆಯೊಳಗೆ ಅರ್ಜಿ ಬರೆದುಕೊಟ್ಟ. ವಿಚಾರಣೆಯ ದಿನ ಕಾರ್ಪೊರೇಷನ್ ಕಚೇರಿಯ ದಾರಿಯುದ್ದಕ್ಕೂ ಬುದ್ಧಿ ಹೇಳಿದ.

"ಅತ್ತೆ, ಒಂದನೇ ಕೋಣೆ, ಎರಡನೇ ಕೋಣೆ ಅಂತ ಹೇಳಿ. ಹೆಸರು ಎತ್ತಲೇಬೇಡಿ."

"ಹೆಸರು ಹೇಳಿ ಕೆಟ್ಟದ್ದು ಮಾರಾಯ, ಹೆಸರು ಹೇಳಿಯೇ ಸರಿಯಾಗಬೇಕು."

ಅಧಿಕಾರಿ ತಮಿಳಿನಲ್ಲಿ ಕೇಳಿದರು, ಗುಣವತಿಯಮ್ಮ ತಮ್ಮ ಊರಿನ ರಾಗದ ತಮಿಳಿನಲ್ಲೇ ಉತ್ತರ ಕೊಟ್ಟರು.

"ಐತಪ್ಪ ಎಲ್ಲಿದ್ದಾರೆ?"

"ಊರಲ್ಲಿ ಗದ್ದೆ ಮಾಡ್ತಾನೆ. ಕಾರ್ಡು ಹಾಕಿದ್ದಾನೆ, ಅಂಚೆ ಮುದ್ರೆ ನೋಡಿ."

"ಚಂದು?"

"ಪಲ್ಲಾವರದಲ್ಲಿ ಸ್ವಂತ ಹೋಟೆಲು ಇಟ್ಟಿದ್ದಾನೆ. ಹೊರಗೆ ಬೆಂಚಿನ ಮೇಲೆ ಕೂತಿದ್ದಾನೆ, ಕರೀಲಾ?"

"ಬಾಬು?"

ಕೃಷ್ಣರಾಜ ನೆಲ ನೋಡಿದ. ಗುಣವತಿಯಮ್ಮ ಅಳುವುದಕ್ಕೆ ಬಂದವರಲ್ಲ.

"ನನ್ನ ಮಗ. ಹತ್ತೊಂಬತ್ತು ವರ್ಷಕ್ಕೆ ಟೈಫಾಯ್ಡಿನಲ್ಲಿ ಹೋದ. ಅವನ ಹತ್ರ ಬಾಡಿಗೆ ತಗೊಂಡದ್ದಿಲ್ಲ."

ಅಧಿಕಾರಿ ಕಾಗದದಲ್ಲಿ ಮೂವರು ಬಾಡಿಗೆದಾರರನ್ನೂ ಹೊಡೆದುಹಾಕಿ, ತೆರಿಗೆಯನ್ನು ಹಳೆಯ ಮಟ್ಟಕ್ಕೆ ಇಳಿಸಿದರು. ಕೃಷ್ಣರಾಜನಿಗೆ ಉಸಿರು ಬಂತು. ಅಧಿಕಾರಿ ಒಳ್ಳೆಯ ಮನುಷ್ಯ, ಇನ್ನೊಂದು ಉಪಕಾರಕ್ಕೂ ಕೈ ಹಾಕಿದರು.

"ಮಹಡಿ ಕೋಣೆ ಖಾಲಿ ಅಂತ ಬರೀತೇನಮ್ಮ. ಖಾಲಿ ಇರುವಷ್ಟು ದಿನ ಇನ್ನೂ ಸ್ವಲ್ಪ ರಿಯಾಯಿತಿ ಸಿಗ್ತದೆ."

ಕೃಷ್ಣರಾಜ ಆಗಲೇ ತಲೆಯಾಡಿಸಿದ್ದ. ಗುಣವತಿಯಮ್ಮ ಮೇಜಿನ ಮೇಲೆ ಕೈಯಿಟ್ಟರು.

"ಖಾಲಿ ಅಂತ ಬರೀಬೇಡಿ. ಬಾಡಿಗೆಗಿಲ್ಲ ಅಂತ ಬರೀರಿ. ಅದಕ್ಕೆ ಎಷ್ಟು ತೆರಿಗೆ ಬರ್ತದೋ ಅಷ್ಟು ನಾನು ಕಟ್ತೇನೆ."