ಮೂರನೆಯ ಪ್ಲಗ್

ಕಿರ್ ಅಂತು, ಆಮೇಲೆ ಟಕ್ ಅಂತ ಬಿಟ್ಟುಕೊಂಡಿತು, ಮೊದಲನೆಯ ಸ್ಪಾರ್ಕ್ ಪ್ಲಗ್ಗು ಸಡಿಲವಾಯಿತು, ಆ ಸದ್ದು ನನ್ನ ಹಲ್ಲಿನ ಬುಡದವರೆಗೂ ಬರುತ್ತದೆ, ಇನ್ನು ನಿಧಾನ, ಕೈ ನೇರ ಇರಲಿ, ಸಾಕೆಟ್ ಸ್ಪ್ಯಾನರ್ ಓರೆಯಾದರೆ ಪ್ಲಗ್ಗಿನ ಪಿಂಗಾಣಿ ಒಡೆದೀತು — ಇದನ್ನೆಲ್ಲ ಹೇಳುತ್ತಿಲ್ಲ ನಾನು, ಅಂದುಕೊಳ್ಳುತ್ತಿದ್ದೇನೆ, ಶೆಡ್ಡಿನ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ಬಲಗೈಯನ್ನು ಯಾರದೋ ಸಾಮಾನಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು. ಕಾರಿನ ಬಾನೆಟ್ಟು ಬಾಯಿ ತೆರೆದಿದೆ, ಅದರೊಳಗೆ ನನ್ನ ಹೆಂಡತಿ ಸೊಂಟದವರೆಗೂ ಬಗ್ಗಿದ್ದಾಳೆ, ಹೊಲಿಗೆಯವಳು, ಜನ್ಮದಲ್ಲಿ ಸ್ಪ್ಯಾನರ್ ಮುಟ್ಟಿದವಳಲ್ಲ, ಮದುವೆಯಾದ ಹೊಸದರಲ್ಲಿ ನಿಮ್ಮ ಗ್ರೀಸೇನಾದ್ರೂ ಗಿರಾಕಿ ಬಟ್ಟೆಗೆ ತಾಗ್ತೋ ನೋಡಿ ಎಂದು ನನ್ನನ್ನು ಹೊಲಿಗೆ ಕೋಣೆಯ ಹೊಸ್ತಿಲಲ್ಲೇ ನಿಲ್ಲಿಸಿದವಳು, ಈಗ ನನ್ನದೇ ಹಳೆಯ ಅಂಗಿ ತೊಟ್ಟು, ತೋಳು ಮಡಚಿ, ಫೋನಿನಲ್ಲಿ ಯಾರೋ ಮಾಡಿದ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿಕೊಂಡು, ಸೈಕಲ್ ಪಂಪಿನಿಂದ ಪ್ಲಗ್ಗಿನ ಗುಳಿಗಳಿಗೆ ಗಾಳಿ ಹೊಡೆದು ಧೂಳು ಹಾರಿಸಿದ್ದಾಳೆ, ಅದನ್ನು ಎಲ್ಲಿ ಕಲಿತಳೋ, ನಾನಾದರೂ ಹಾಗೇ ಮಾಡುತ್ತಿದ್ದೆ. ಬಂತು ರೀ, ಬಂತು, ಎಂದು ತಿರುಗಿ ಪ್ಲಗ್ಗನ್ನು ಕಿತ್ತ ಹಲ್ಲಿನ ಹಾಗೆ ಎತ್ತಿ ತೋರಿಸುತ್ತಾಳೆ, ಹಣೆಯ ಮೇಲೆ ಕರಿ ಗೆರೆ, ಭೇಷ್ ಕಣೇ ಅನ್ನಬೇಕು, ಬಾಯಿ ತೆರೆಯುತ್ತೇನೆ, ನಾಳೆ ಅನ್ನುತ್ತೇನೆ. ಯಾವಾಗಲೂ ಅದೇ. ನೀರು ಬೇಕಾದರೂ ನಾಳೆ, ಕಿಟಕಿ ಮುಚ್ಚು ಎನ್ನಲೂ ನಾಳೆ, ನಿನ್ನ ಮುಖ ಬಾಡಿದೆ ಸ್ವಲ್ಪ ಮಲಗು ಎನ್ನಲು ಹೋದರೂ ನಾಳೆ. ಇವರಿಗೆ ಎಲ್ಲಾ ಅರ್ಥ ಆಗತ್ತಮ್ಮಾ, ಮಾತು ಹೊರಗೆ ಬರೋ ದಾರಿ ಮುಚ್ಚಿಹೋಗಿದೆ ಅಷ್ಟೆ, ಅಂದಿದ್ದರು ಲಕ್ವ ಹೊಡೆದಾಗ ನೋಡಿದ ಡಾಕ್ಟರು, ನಾನು ಅಲ್ಲಿಲ್ಲವೇನೋ ಎಂಬಂತೆ ಅವಳ ಕಡೆ ನೋಡಿಕೊಂಡು. ಇಡೀ ಭಾಷೆ ಮುಳುಗಿಹೋದಾಗ ಈ ಒಂದು ಪದವೇ ಯಾಕೆ ತೇಲಿಕೊಂಡು ಉಳಿಯಿತೋ — ಗ್ಯಾರೇಜಿನಲ್ಲಿ ಜೀವಮಾನವಿಡೀ ಗಿರಾಕಿಗಳಿಗೆ ಹೇಳಿದ್ದು ಅದನ್ನೇ ಅಲ್ಲವೇ, ಗಾಡಿ ಯಾವಾಗ ಕೊಡ್ತೀರಾ, ನಾಳೆ. ನಗು ಬರುತ್ತದೆ. ನಗುವೂ ಈಗ ಒಂದೇ ಕಡೆ ಬರುತ್ತದೆ.

ರೇಡಿಯೋ ಎಂದು ಕರೆಯುತ್ತಿದ್ದರು ನನ್ನನ್ನು, ಬಾಯಿಗೆ ಬಿಡುವಿಲ್ಲ ಅಂತ. ಕಾರಿನ ಕೆಳಗೆ ಅಂಗಾತ ಮಲಗಿದ್ದರೂ ಮಾತು, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡಿದ್ದರೂ ಮಾತು, ಇಂಜಿನ್ ಸರಿಹೋಗೋದು ನಿನ್ನ ಕೈಯಿಂದಲ್ಲ ಮಾರಾಯಾ, ನಿನ್ನ ಮಾತು ಕೇಳಲಾರದೆ ಅದೇ ಸರಿಹೋಗತ್ತೆ ಎನ್ನುತ್ತಿದ್ದ ಪೇಂಟರ್, ಗ್ಯಾರೇಜಿನಲ್ಲಿ ನನ್ನ ಜೊತೆಗಾರ, ಬಣ್ಣದ ಡಬ್ಬಿಗಳ ನಡುವೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ನನ್ನ ಪ್ರತಿ ತಮಾಷೆಗೂ ಬಟ್ಟೆಯೊಳಗೇ ನಗುತ್ತಿದ್ದವನು. ಅವತ್ತೂ ನಕ್ಕ. ಅವತ್ತು ನಾನು ಕೈ ಚಾಚಿ ಆ ಸ್ಪ್ಯಾನರ್ ಕೊಡು ಅಂದೆ, ಬಾಯಿಂದ ಬಂದದ್ದು ಆ ಕೊಡೆ ಚಪ್ಪಲಿ ಅಂತ, ಅವನು ನಕ್ಕ, ನಾನು ಮತ್ತೆ ಹೇಳಿದೆ, ಸ್ಪಷ್ಟವಾಗಿ ಹೇಳುತ್ತಿದ್ದೇನೆ ಎಂದುಕೊಂಡೇ ಹೇಳಿದೆ, ಕೊಡೆ ನಾಳೆ ಚಪ್ಪಲಿ, ಅವನು ಹೊಟ್ಟೆ ಹಿಡಿದುಕೊಂಡು ನಕ್ಕ, ಗಾಡಿ ಬಿಡಲು ಬಂದ ಇಬ್ಬರು ಗಿರಾಕಿಗಳೂ ನಕ್ಕರು, ನಿಮ್ಮ ರೇಡಿಯೋ ಸ್ಟೇಷನ್ ತಪ್ಪಿದೆ ಕಣ್ರೀ ಅಂದ ಒಬ್ಬ, ಅವರೆಲ್ಲ ನಗುತ್ತಿರುವುದು ನೋಡಿ ನನಗೂ ನಗು ಬಂತು, ನಗುತ್ತಲೇ ಜಾರಿ ಬಿದ್ದೆ. ಅದನ್ನೂ ತಮಾಷೆಯ ಮುಂದಿನ ಭಾಗ ಎಂದುಕೊಂಡರು. ಪೇಂಟರ್ ಈಗಲೂ ಬರುತ್ತಾನೆ, ಗೇಟಿನವರೆಗೆ, ಹಣ್ಣಿನ ಚೀಲ ಅವಳ ಕೈಗೆ ಕೊಟ್ಟು, ಹೇಗಿದ್ದಾನೆ ಅತ್ತಿಗೆ ಎಂದು ಕೇಳಿ, ಅಲ್ಲಿಂದಲೇ ತಿರುಗುತ್ತಾನೆ, ಒಳಗೆ ಬಾರೋ, ನಿನ್ನ ತಪ್ಪೇನೂ ಇಲ್ಲ, ನಾನಾಗಿದ್ದರೂ ನಗುತ್ತಿದ್ದೆ ಎಂದು ಕಿಟಕಿಯಿಂದ ಕೂಗಬೇಕೆನಿಸುತ್ತದೆ, ಕೂಗಿದರೆ ಏನು ಬರುತ್ತದೆ ಅಂತ ಗೊತ್ತಿದೆ.

ಎರಡನೆಯದೂ ಬಂತು. ಮಸುಕು ಕಂದು, ಬಿಸ್ಕತ್ತಿನ ಬಣ್ಣ, ಸೊಗಸಾಗಿದೆ, ಹೀಗಿದ್ದರೆ ಇಂಜಿನ್ನಿನ ಆ ಕೋಣೆಯಲ್ಲಿ ಬೆಂಕಿ ಹದವಾಗಿ ಉರಿಯುತ್ತಿದೆ ಅಂತ, ಕಪ್ಪು ಮಸಿಯಾದರೆ ಪೆಟ್ರೋಲು ಜಾಸ್ತಿ, ಜಿಡ್ಡಾದರೆ ಆಯಿಲ್ ನುಗ್ಗುತ್ತಿದೆ, ಬೂದಿಯ ಬಿಳುಪಾದರೆ ಕಾವು ಅತಿಯಾಗಿದೆ, ಪ್ಲಗ್ಗಿಗೆ ಸುಳ್ಳು ಹೇಳಲು ಬರುವುದಿಲ್ಲ. ಅವಳು ಎರಡನ್ನೂ ಹಳೆಯ ದಿಂಬಿನ ಕವರಿನ ಮೇಲೆ ಸಾಲಾಗಿ ಮಲಗಿಸುತ್ತಾಳೆ, ಗುಂಡಿ ಜೋಡಿಸುವ ಹಾಗೆ. ಈ ಕಾರು ನನ್ನ ಆಸೆ. ಬೇರೆಯವರ ಗಾಡಿಗಳನ್ನೇ ಓಡಿಸಿ ನೋಡಿ ವಾಪಸು ಕೊಟ್ಟ ಕೈಗೆ ಒಂದು ಟರ್ಬೋ ಬೇಕಿತ್ತು, ಗಾಳಿಯನ್ನು ತುರುಕಿ ತುರುಕಿ ಇಂಜಿನ್ನಿಗೆ ಉಣಿಸುವ ಜಾತಿ, ಕಾಲು ಒತ್ತಿದರೆ ಒಂದು ಕ್ಷಣ ಯೋಚಿಸಿ ಆಮೇಲೆ ಬೆನ್ನಿಗೆ ಗುದ್ದಿದಂತೆ ಎಳೆಯುತ್ತದೆ, ಯಾರೋ ಓಡಿಸಿ ಬಿಟ್ಟದ್ದು, ಸೀಟಿನಲ್ಲಿ ಇನ್ನೊಬ್ಬರ ಕುಳಿ, ಅದಕ್ಕೇನಂತೆ. ಮನೆಗೆ ತಂದ ದಿನ ಅವಳು ಒಂದು ಸುತ್ತು ಬಂದು, ಈ ವಯಸ್ಸಲ್ಲಿ ನಿಮಗೆ ಇದೊಂದು ಬೇಕಿತ್ತಾ ಅಂದಳು, ಆದರೆ ಮುಂದಿನ ಸೀಟಿಗೆ ಹೊಸ ಕವರು ಹೊಲಿದಳು, ನೀಲಿ ದಾರದ ಅಂಚು ಇಟ್ಟು. ಅದರ ಮೇಲೆ ನಾನು ಕೂತದ್ದೇ ಕಮ್ಮಿ. ಈಗ ಕೂತುಕೊಳ್ಳುವವಳು ಅವಳು, ನಾನು ಆಸ್ಪತ್ರೆಯಿಂದ ಬಂದ ಮೇಲೆ ಡ್ರೈವಿಂಗ್ ಕಲಿತಳು, ಬಸ್ಸಿನ ಮೆಟ್ಟಿಲು ನಿಮ್ಮಿಂದಾಗಲ್ಲ, ಹೊತ್ತುಕೊಂಡು ಹೋಗಲು ನನ್ನಿಂದಾಗಲ್ಲ, ಇನ್ನೇನು ಮಾಡೋದು, ಅಂದಳು. ಏರಿನಲ್ಲಿ ಮಾತ್ರ ಕಾರು ಬಿಕ್ಕಳಿಸುತ್ತದೆ, ಟರ್ಬೋ ಎಳೆಯಲು ಶುರುಮಾಡಿದ ಕೂಡಲೇ ಕಟ್ ಕಟ್ ಎಂದು ತಡೆಯುತ್ತದೆ. ಪ್ಲಗ್ ಹೋಗಿರ್ಬೇಕು ಎಂದು ಅವಳೇ ಕಂಡುಹಿಡಿದಳು. ಸರಿಯೇ, ಅಷ್ಟು ಗಾಳಿ ನುಗ್ಗುವ ಕಡೆ ಪ್ಲಗ್ಗಿನ ಸಂದು ಕೂದಲೆಳೆಯಷ್ಟು ಹೆಚ್ಚಿದ್ದರೂ ಕಿಡಿ ಗಾಳಿಗಿಟ್ಟ ದೀಪದಂತೆ ಆರಿಹೋಗುತ್ತದೆ, ಇಷ್ಟನ್ನು ಅವಳು ವಿಡಿಯೋ ನೋಡಿ ನನಗೇ ಪಾಠ ಹೇಳಿದಳು, ನಾನು ಒಳ್ಳೆಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದೆ. ಹೊಸ ಪ್ಲಗ್ಗುಗಳ ಸಂದನ್ನು ತಂತಿ ಅಳತೆಯಿಂದ ನೋಡಿದ್ದಾಳೆ, ಒಂದು ಕಣ್ಣು ಮುಚ್ಚಿ, ಸೂಜಿಗೆ ದಾರ ಪೋಣಿಸುವಾಗ ಮಾಡುವ ಮುಖ. ನಾಳೆ ಘಟ್ಟದಾಚೆಯ ಊರಿಗೆ ಹೋಗಬೇಕು, ಅಲ್ಲಿ ಮಾತು ಕಲಿಸುವ ಟೀಚರ್ ಇದ್ದಾರಂತೆ, ಕಾದು ಕಾದು ಸರದಿ ಸಿಕ್ಕಿದೆ. ನನ್ನ ಹಾಗೆ ಆದವರು ಅವರ ಹತ್ತಿರ ಹಾಡಿನ ರಾಗದಿಂದ ಮೊದಲು ಮಾಡಿ, ಹೆಸರು ಹೇಳಿ, ವಾಕ್ಯ ಹೇಳಿ, ಫೋನಿನಲ್ಲಿ ಜಗಳವನ್ನೂ ಆಡುತ್ತಾರಂತೆ. ನಾನು ಮೊದಲು ಏನು ಹೇಳಬೇಕು ಅಂತ ಯೋಚಿಸಿಟ್ಟಿದ್ದೇನೆ. ಅವಳ ಹೆಸರು. ಬರೀ ಹೆಸರು, ಹಿಂದೆ ಮುಂದೆ ಏನೂ ಇಲ್ಲದೆ.

ಮೂರನೆಯದು ಬಿಗಿಯಾಗಿದೆ, ಕಾಲು ಊರಿ ಎಳೆಯುತ್ತಾಳೆ, ಉಸಿರು ಬಿಡುತ್ತಾಳೆ, ಬಂತು, ಬೆಳಕಿಗೆ ಹಿಡಿದು ನೋಡುತ್ತಾಳೆ, ನನಗೆ ಕುರ್ಚಿಯಿಂದಲೇ ಕಾಣುತ್ತದೆ — ಅಯ್ಯೋ. ತುದಿಯ ಬಿಳಿ ಪಿಂಗಾಣಿಯಲ್ಲಿ ಒಂದು ಚಕ್ಕೆ ಹಾರಿಹೋಗಿದೆ, ಉಳಿದದ್ದರ ಮೇಲೆ ಬೆಳ್ಳಗೆ ಸಣ್ಣ ಸಣ್ಣ ಚುಕ್ಕಿ, ಯಾರೋ ಬೆಳ್ಳಿಯನ್ನು ಅರೆದು ಉದುರಿಸಿದ ಹಾಗೆ. ಅದು ಪ್ಲಗ್ಗಿನದಲ್ಲ. ಅದು ಇಂಜಿನ್ನಿನೊಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನಿನದು. ಹೊತ್ತಲ್ಲದ ಹೊತ್ತಿನಲ್ಲಿ ಬೆಂಕಿ ಸಿಡಿದು ಸಿಡಿದು ಪಿಸ್ಟನ್ನಿನ ತಲೆಯೇ ಕರಗಿ, ಚೂರು ಚೂರಾಗಿ ಎದ್ದು ಬಂದು ಅಂಟಿಕೊಂಡಿದೆ, ನಮ್ಮ ಕೈಗೆ ಬರುವ ಮೊದಲೇ ಯಾರೋ ತೀರ ಹಿಂಡಿದ್ದಾರೆ ಇದನ್ನು. ಹೊಸ ಪ್ಲಗ್ ಹಾಕಿದರೆ ಬಿಕ್ಕಳಿಕೆ ನಿಲ್ಲುತ್ತದೆ, ಇಂಜಿನ್ ಹಾಡುತ್ತದೆ, ಅವಳು ಖುಷಿಯಿಂದ ಕಾಲು ಒತ್ತುತ್ತಾಳೆ, ಘಟ್ಟದ ಏರಿನಲ್ಲಿ ಪಿಸ್ಟನ್ನಿಗೆ ತೂತು ಬೀಳುತ್ತದೆ. ಇದೊಂದು ಸ್ವಲ್ಪ ಗಲೀಜಾಗಿದೆ ಅಷ್ಟೆ, ಹೇಗಿದ್ರೂ ಹೊಸದು ಹಾಕ್ತೀವಲ್ಲ, ಎಂದು ಬಟ್ಟೆ ಎತ್ತಿಕೊಳ್ಳುತ್ತಾಳೆ ಒರೆಸಲು, ನಾನು ಎಡಗೈ ಚಾಚಿ ಅವಳ ಮಣಿಕಟ್ಟು ಹಿಡಿಯುತ್ತೇನೆ, ಒರೆಸಬೇಡ, ನೋಡು, ಸರಿಯಾಗಿ ನೋಡು — ನಾಳೆ, ನಾಳೆ! ಹೂಂ ರೀ, ನಾಳೆನೇ, ಬೆಳಿಗ್ಗೆ ಬೇಗ ಹೊರಡೋಣ, ಅನ್ನುತ್ತಾಳೆ. ತಲೆಯನ್ನು ಜೋರಾಗಿ ಅಲ್ಲಾಡಿಸುತ್ತೇನೆ. ನಾಳೆ! ಏನು, ನನ್ನ ಡ್ರೈವಿಂಗ್ ಮೇಲೆ ಭಯಾನಾ, ನಿಧಾನ ಹೋಗ್ತೀನಿ, ಲಾರಿಯವರೆಲ್ಲಾ ನನ್ನ ಬೈಕೊಂಡು ಮುಂದೆ ಹೋಗ್ಲಿ, ಎಂದು ನಗುತ್ತಾಳೆ, ನಾನು ನಗುವುದಿಲ್ಲ, ಅವಳ ನಗು ತಾನಾಗಿ ಮುದುಡುತ್ತದೆ. ಟೀಚರ್ ಹತ್ರ ಹೋಗೋದು ಬೇಡ್ವಾ. ಬಟ್ಟೆಯನ್ನು ಮಡಚುತ್ತಾ ಬಿಚ್ಚುತ್ತಾ ಕೇಳುತ್ತಾಳೆ. ಹಾಗೆ ಮಾಡ್ಬೇಡಿ ರೀ. ನನಗೋಸ್ಕರ ಬನ್ನಿ. ಈ ಮನೇಲಿ ನಾನೊಬ್ಳೇ ಮಾತಾಡಿ ಮಾತಾಡಿ ಸಾಕಾಗಿದೆ, ನಿಮ್ಮ ಮಾತನ್ನೂ ನಾನೇ ಆಡ್ತೀನಿ, ನೀವು ಹೀಗಂದ್ರಿ ಅಂತ ನಾನೇ ಅಂದ್ಕೊಂಡು ನಾನೇ ಉತ್ತರ ಕೊಡ್ತೀನಿ, ಮೊನ್ನೆ ನಾನೇ ನಿಮ್ಮ ಜೊತೆ ಜಗಳ ಆಡಿ ನಾನೇ ಸೋತೆ.

ಬಿಟ್ಟುಬಿಡಬಹುದು. ಬೆರಳು ಸಡಿಲಿಸಿದರೆ ಸಾಕು, ಅವಳು ಒರೆಸುತ್ತಾಳೆ, ಹೊಸದು ಹಾಕುತ್ತಾಳೆ, ನಾಳೆ ಹೊರಡುತ್ತೇವೆ, ಘಟ್ಟ ದಾಟಿಯೂ ಬಿಡಬಹುದು, ಎಷ್ಟೋ ಗಾಡಿಗಳು ಸಾಯುತ್ತಾ ಸಾಯುತ್ತಾ ದೂರ ಹೋಗುತ್ತವೆ, ನಾನೇ ನೋಡಿದ್ದೇನೆ, ಆಚೆ ಟೀಚರ್ ಇದ್ದಾರೆ, ಬಾಗಿಲಾಚೆ ಅವಳ ಹೆಸರು ಕಾಯುತ್ತಿದೆ, ನನಗೆ ಅದು ಬೇಕು. ಆದರೆ ತಿರುವು ಕಾಣುತ್ತದೆ, ತಿರುವಿನಲ್ಲಿ ನಿಂತ ಕಾರು, ಹಿಂದೆ ನೀಲಿ ಹೊಗೆ, ಹೊಗೆಯಲ್ಲಿ ಏನೂ ಕಾಣದೆ ಏರಿ ಬರುವ ಲಾರಿ, ಸ್ಟೇರಿಂಗ್ ಹಿಡಿದು ರೀ ಏನಾಯ್ತು ರೀ ಎನ್ನುವ ಅವಳು, ಪಕ್ಕದಲ್ಲಿ ಎಲ್ಲ ತಿಳಿದೂ ನಾಳೆ ನಾಳೆ ಎಂದು ಅರಚುವ ನಾನು. ಇಲ್ಲ. ಪ್ಲಗ್ಗನ್ನು ಅವಳ ಕೈಯಿಂದ ಕಿತ್ತುಕೊಳ್ಳುತ್ತೇನೆ. ಬಲಗೈಯ ಸತ್ತ ಬೆರಳುಗಳ ನಡುವೆ ಸಿಕ್ಕಿಸಿ, ಎಡಗೈಯ ಉಗುರಿನಿಂದ ಪಿಂಗಾಣಿಯನ್ನು ಕೆರೆಯುತ್ತೇನೆ, ಕೊಡ್ರೀ, ಕೈ ಕುಯ್ಕೋತೀರಾ ಅನ್ನುತ್ತಾಳೆ, ಕೆರೆಯುತ್ತೇನೆ, ಉಗುರು ಹರಿಯುತ್ತದೆ, ಒಂದು ಚೂರು ಬಿಟ್ಟುಕೊಳ್ಳುತ್ತದೆ. ಅವಳ ಬೆರಳನ್ನು ಎಳೆದು ತುದಿಗೆ ಅದನ್ನು ಒತ್ತುತ್ತೇನೆ. ಇದೇನ್ರೀ. ಬಾಗಿಲ ಬೆಳಕಿಗೆ ಹಿಡಿಯುತ್ತಾಳೆ, ಒಂದು ಕಣ್ಣು ಮುಚ್ಚುತ್ತಾಳೆ. ಮಸಿ ಅಲ್ಲ ಇದು, ಮಿನುಗ್ತಿದೆ. ನಾನು ಮೂರನೆಯ ಗುಳಿಯ ಕಡೆ ಬೆರಳು ತೋರಿಸುತ್ತೇನೆ, ಎಡಗೈಯನ್ನು ಮುಷ್ಟಿ ಮಾಡಿ ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿಸುತ್ತೇನೆ, ಆಮೇಲೆ ಮುಷ್ಟಿಯನ್ನು ಒಡೆದು ಬೆರಳು ಬಿಡಿಸುತ್ತೇನೆ. ಅವಳು ನನ್ನ ಕೈ ನೋಡುತ್ತಾಳೆ, ಗುಳಿ ನೋಡುತ್ತಾಳೆ. ಒಳಗಿನದಾ, ಅನ್ನುತ್ತಾಳೆ ಮೆಲ್ಲಗೆ, ಇಂಜಿನ್ ಒಳಗಿಂದ ಬಂದಿದ್ದಾ. ತಲೆಯಾಡಿಸುತ್ತೇನೆ. ಹಾಗಾದ್ರೆ ಹೊಸದು ಹಾಕಿದ್ರೂ ಘಟ್ಟ ಹತ್ತೋ ಹಾಗಿಲ್ಲ, ನಾಳೆ ಟೀಚರ್ ಹತ್ರ… ಅನ್ನುತ್ತಾಳೆ. ಹೊಸ ಪ್ಲಗ್ಗುಗಳು ತಮ್ಮ ಪೆಟ್ಟಿಗೆಯಲ್ಲೇ ಇವೆ. ಅವಳು ನೆಲದ ಮೇಲೆ ಕೂತು ನನ್ನ ಮೊಣಕಾಲಿಗೆ ತಲೆ ಆನಿಸುತ್ತಾಳೆ, ಬಲಗಾಲಿಗೆ, ಭಾರ ನನಗೆ ತಿಳಿಯುವುದಿಲ್ಲ, ಭುಜ ಅಲುಗುವುದು ಕಾಣುತ್ತದೆ, ಅಳುತ್ತಿದ್ದಾಳೆ, ಎಡಗೈಯನ್ನು ಅವಳ ಕೂದಲ ಮೇಲಿಡುತ್ತೇನೆ, ನಾಳೆ ಅನ್ನುವುದಿಲ್ಲ, ಬಾಯಿ ಬಿಗಿದುಕೊಳ್ಳುತ್ತೇನೆ, ಅವಳು ಆ ಬೆರಳನ್ನು ಮಾತ್ರ ಎಲ್ಲಿಗೂ ತಾಗಿಸದೆ, ಅಂಗಿಗೂ ಒರೆಸದೆ, ಹಾಗೇ ಎತ್ತಿ ಹಿಡಿದಿದ್ದಾಳೆ, ಬೆರಳ ತುದಿಯಲ್ಲಿ ಆ ಚೂರು, ಬೆಳ್ಳಗೆ, ಸಾಸಿವೆಗಿಂತ ಸಣ್ಣದು, ಅವಳು ಉಸಿರೆಳೆದಾಗ ಮಿನುಗಿ, ಬಿಟ್ಟಾಗ ಆರಿ, ಮತ್ತೆ ಎಳೆದಾಗ, ಬೆರಳ ತುದಿಯಲ್ಲಿ, ಆ ಚೂರು —