ಫ್ಲಾರೆನ್ಸಳ ಪಿಯರೋಗಿ ವ್ಯಾಪಾರ

ಮಂಗಳವಾರ ಬೆಳಿಗ್ಗೆ ಫ್ಲಾರೆನ್ಸ್ ಹಿಂಬಾಗಿಲಿನಿಂದ ಒಳಗೆ ಬಂದಳು. ಒಂದು ಕೈಯಲ್ಲಿ ಅರ್ಧ ಬ್ರೆಡ್ಡು, ಇನ್ನೊಂದರಲ್ಲಿ ಮಡಿಚಿದ ಕಾಗದ. ನಗುತ್ತಿದ್ದಳು.

"ಬರ್ನಿಸ್, ನಾನು ದೊಡ್ಡ ವ್ಯಾಪಾರಸ್ಥೆ ಕಣೇ. ನಂಗೊಂದು ಪಿಯರೋಗಿ ಕಂಪನಿ ಇದೆಯಂತೆ. ಅದೂ ನಷ್ಟದಲ್ಲಿ!"

"ಯಾರು ಹೇಳಿದ್ದು?"

"ತೆರಿಗೆ ಇಲಾಖೆಯವರು. ಓದು ನೋಡು. ಹಿಟ್ಟಿಗೆ ಇಷ್ಟು, ಬೆಣ್ಣೆಗೆ ಇಷ್ಟು, ಗಾಡಿ ಓಡಾಟಕ್ಕೆ ಇಷ್ಟು ಅಂತ ಖರ್ಚು ತೋರಿಸಿದೀನಂತೆ. ನನ್ನ ಹತ್ರ ಗಾಡಿ ಎಲ್ಲಿದೆ ಮಾರಾಯ್ತಿ? ನೀನೇ ತಾನೇ ನನ್ನ ಗಾಡಿ?"

ನಾನು ಕಾಫಿ ಬಗ್ಗಿಸುತ್ತಿದ್ದೆ. ಕಪ್ಪು ತುಂಬಿ ತಟ್ಟೆಗೆ ಚೆಲ್ಲಿತು.

ಫ್ಲಾರೆನ್ಸ್ ಪಿಯರೋಗಿ ಮಾಡುವುದು ನಿಜ. ಆಲೂಗಡ್ಡೆ, ಚೀಸ್ ತುಂಬಿ ಅಂಚು ಒತ್ತಿ ಬೇಯಿಸುವ ಆ ಕಡುಬುಗಳನ್ನು ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಪ್ರತಿ ಗುರುವಾರವೂ ಚರ್ಚಿನ ನೆಲಮಾಳಿಗೆಯಲ್ಲಿ ನೂರಾರು ಮಾಡುತ್ತಾಳೆ. ಶುಕ್ರವಾರ ನಾವು ಯಾರೂ ಮಾಂಸ ತಿನ್ನುವುದಿಲ್ಲ, ಮೀನಿಗೆ ಅಡ್ಡಿಯಿಲ್ಲ. ಅಂದು ಸಂಜೆ ಚರ್ಚಿನ ಹಾಲ್‌ನಲ್ಲಿ ಮೀನು ಕರಿಯುತ್ತಾರೆ, ಜೊತೆಗೆ ಫ್ಲಾರೆನ್ಸಳ ಪಿಯರೋಗಿ. ಅದರಿಂದ ಬಂದದ್ದೆಲ್ಲ ಚರ್ಚಿನ ಚಾವಣಿಗೆ ಹೋಗುತ್ತದೆ. ಅವಳಿಗೆ ಬರುವುದು ಸೊಂಟ ನೋವು ಮಾತ್ರ.

ಕಾಗದವನ್ನು ಎರಡು ಸಲ ಓದಿದೆ. ವ್ಯಾಪಾರ ಇರುವುದಕ್ಕೆ ದಾಖಲೆ ಕೊಡಬೇಕು. ಇಲ್ಲವಾದರೆ ಎರಡು ವರ್ಷದ ಹಿಂದೆ ಅವಳಿಗೆ ಬಂದ ರೀಫಂಡ್ ಎರಡು ಸಾವಿರದ ಮುನ್ನೂರು ಡಾಲರನ್ನು ವಾಪಸು ಕಟ್ಟಬೇಕು. ಬೇಕೆಂದೇ ಸುಳ್ಳು ಬರೆದದ್ದು ಎಂದು ತೀರ್ಮಾನವಾದರೆ ಅದರ ಮೇಲೆ ದಂಡ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಅರ್ಧ ದಿನ ದುಡಿಯುವ ಅರವತ್ತೊಂಬತ್ತರ ವಿಧವೆಗೆ ಅದು ಸಣ್ಣ ಮೊತ್ತವಲ್ಲ.

"ಏನೋ ತಪ್ಪಾಗಿದೆ, ನಾರ್ಬರ್ಟ್‌ಗೆ ಹೇಳಿದ್ರೆ ಸರಿ ಮಾಡ್ತಾನೆ ಬಿಡು" ಎಂದಳು. ಆಮೇಲೆ ನಗು ನಿಲ್ಲಿಸಿ, "ಅಲ್ಲಿ ಕೊನೇಲಿ ನೋಡು. ರಿಟರ್ನ್ ತುಂಬಿದ್ದು ನಾನೇ ಅಂತಿದೆ. ಯಾಕೆ ಹಾಗಿದೆ? ನಂಗೆ ಫೋನಲ್ಲಿ ಮೆಸೇಜ್ ಕಳಿಸೋಕೂ ಬರಲ್ಲ. ಅವರು ನನ್ನನ್ನ ಸುಳ್ಳಿ ಅಂದ್ಕೊಂಡಿದಾರೆ, ಬರ್ನಿಸ್" ಎಂದಳು.

ಯಾಕೆ ಹಾಗಿದೆ ಎಂದು ನನಗೆ ಗೊತ್ತಿತ್ತು. ಸುಮಾರು ಮೂರು ವರ್ಷದಿಂದ ಗೊತ್ತಿತ್ತು.

ನಾರ್ಬರ್ಟ್ ನಮ್ಮ ಹಾಲ್‌ನಲ್ಲಿ ಮೀನು ಕರಿಯುವವನು. ಅವನ ಅಪ್ಪನೂ ಅದೇ ಬಾಣಲೆಯ ಮುಂದೆ ನಿಂತಿದ್ದವನು. ಬಫಲೋ ನಗರದ ಪೂರ್ವಭಾಗದ ಈ ಬೀದಿಗಳಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಕುರ್ಚಿ ಹೊತ್ತು ತರುವವನು ಅವನೇ. ಫೆಬ್ರವರಿ ಬಂತೆಂದರೆ ಹಾಲ್‌ನ ಹಿಂದಿನ ಕೋಟು ನೇತುಹಾಕುವ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದ. ತೆರಿಗೆಯ ಕಾಲ, ತಪಸ್ಸಿನ ಕಾಲ ಎರಡೂ ಒಟ್ಟಿಗೇ ಬರುವುದರಿಂದ ಜನಕ್ಕೂ ಅನುಕೂಲ. ಒಂದು ತಟ್ಟೆ ಮೀನು ತಿಂದು, ಕಾಗದಗಳ ಲಕೋಟೆ ಕೊಟ್ಟು ಹೋಗುವುದು. ಮುಂಗಡ ನೂರು ಡಾಲರ್ ನಗದು, ಆಮೇಲೆ ಬಂದ ರೀಫಂಡಿನಲ್ಲಿ ಹತ್ತರಲ್ಲಿ ಒಂದು ಪಾಲು. ರಶೀದಿ ಕೇಳಿದವರಿಲ್ಲ. ಮೀನು ಬಡಿಸುವವನ ಹತ್ತಿರ ರಶೀದಿ ಕೇಳುವುದು ಹೇಗೆ?

ಬಾಣಲೆ ಮುಂದೆ ನಿಂತೇ ಅವನು ಎಲ್ಲರನ್ನೂ ವಿಚಾರಿಸುತ್ತಿದ್ದ. "ಈಗೇನು ಮಾಡ್ತಿದೀರಿ ಕೈಯಲ್ಲಿ?" ಎಷ್ಟು ಆತ್ಮೀಯವಾಗಿ ಕೇಳುತ್ತಿದ್ದನೆಂದರೆ ನಾವು ಹಿಗ್ಗಿ ಹೇಳುತ್ತಿದ್ದೆವು. ನಾನು ಚರ್ಚಿಗೆ ಜ್ಞಾನಸ್ನಾನಕ್ಕೆ ಬರುವ ಮಕ್ಕಳಿಗೆ ಶಾಲು ಹೆಣೆಯುತ್ತೇನೆ. ನಮ್ಮ ಚರ್ಚಿನ ಸ್ಟ್ಯಾನ್ ಮರದ ಹಕ್ಕಿಗೂಡು ಮಾಡುತ್ತಾನೆ. ಫ್ಲಾರೆನ್ಸ್ ಪಿಯರೋಗಿ. ಹೇಳಿದ್ದೆಲ್ಲ ಅವನ ಲ್ಯಾಪ್‌ಟಾಪಿನಲ್ಲಿ ವ್ಯಾಪಾರವಾಗಿ, ನಷ್ಟವಾಗಿ, ಆ ನಷ್ಟದಿಂದ ತೆರಿಗೆ ಇಳಿದು ಕೊನೆಗೆ ದೊಡ್ಡ ರೀಫಂಡಾಗಿ ಬರುತ್ತಿತ್ತು. "ನಾರ್ಬರ್ಟ್‌ ಕೈಗುಣ" ಎನ್ನುತ್ತಿದ್ದರು ಜನ.

ನನಗೆ ತಿಳಿದದ್ದು ಬ್ಯಾಂಕಿನಲ್ಲಿ. ಮೂರು ವರ್ಷದ ಹಿಂದೆ ಶರತ್ಕಾಲದಲ್ಲಿ ಮನೆ ರಿಪೇರಿಗೆ ಸಾಲ ಕೇಳಲು ಹೋಗಿದ್ದೆ. ಅಲ್ಲಿನ ಹುಡುಗಿ ನನ್ನ ರಿಟರ್ನ್ ತಿರುವಿಹಾಕಿ, "ನಿಮ್ಮ ಶಾಲಿನ ವ್ಯಾಪಾರ ನಷ್ಟದಲ್ಲಿದೆಯಲ್ಲ ಮೇಡಂ, ಮುಂದುವರಿಸ್ತೀರಾ?" ಎಂದಳು. ನಾನು ನಕ್ಕುಬಿಟ್ಟೆ. "ಇಲ್ಲಮ್ಮ, ಮುಚ್ಚಿಬಿಟ್ಟೆ" ಎಂದೆ. ಇಲ್ಲದ ಅಂಗಡಿಯನ್ನು ಅಲ್ಲಿಯೇ ಮುಚ್ಚಿ ಮನೆಗೆ ಬಂದೆ. ದುಡ್ಡು ತೆಗೆದುಕೊಂಡು ರಿಟರ್ನ್ ತುಂಬುವವನು ಕೆಳಗೆ ತನ್ನ ಹೆಸರು, ನಂಬರು ಹಾಕಿ ಸಹಿ ಮಾಡಬೇಕೆಂಬುದು ಆ ಹುಡುಗಿಯ ಬಾಯಿಂದ ನನಗೆ ತಿಳಿದದ್ದೂ ಅಂದೇ. ನನ್ನ ಪ್ರತಿಯಲ್ಲಿ ಆ ಜಾಗ ಖಾಲಿ ಇತ್ತು.

ಶಾಲೆಯ ಬಸ್ಸು ಇಪ್ಪತ್ತಾರು ವರ್ಷ ಓಡಿಸಿದವಳು ನಾನು. ಎಂಜಿನ್ನಿನ ಸದ್ದು ಬದಲಾದರೆ ಬಸ್ಸು ನಿಲ್ಲಿಸಿ ಮಕ್ಕಳನ್ನೆಲ್ಲ ಇಳಿಸುವುದು ಗೊತ್ತು. ಆದರೆ ಅಂದು ನಾನೊಬ್ಬಳೇ ಇಳಿದೆ.

ಮರುವರ್ಷ ಸದ್ದಿಲ್ಲದೆ ಬೇರೆಯವರನ್ನು ಹುಡುಕಿಕೊಂಡೆ. ಲಾಂಡ್ರಿ ಅಂಗಡಿ ಪಕ್ಕದಲ್ಲಿ ತೆರಿಗೆ ಕಚೇರಿ ಇಟ್ಟಿರುವ ಮಿಸೆಸ್ ಫಾನ್. ಮೊದಲೇ ಕೇಳಿದೆ, ನನಗೆಷ್ಟು ವಾಪಸು ಬರಬಹುದೆಂದು. "ಕಾಗದ ನೋಡದೆ ಹೇಗೆ ಹೇಳಲಿ? ನೋಡದೆ ಹೇಳೋರ ಹತ್ರ ಹೋಗಬೇಡಿ" ಎಂದರು. ತೆರಿಗೆಯ ಕಾಲ ಮುಗಿದು ಜುಲೈನಲ್ಲಿ ತೊಂದರೆಯಾದರೆ ಎಲ್ಲಿರುತ್ತೀರಿ ಎಂದೆ. "ಇದೇ ಕುರ್ಚಿ ಮೇಲೆ. ಫ್ಯಾನ್ ಹಾಕ್ಕೊಂಡು." ಶುಲ್ಕ ಎಷ್ಟೆಂದು ಗೋಡೆಯ ಮೇಲೆ ಬರೆದಿತ್ತು, ಪಾಲಿನ ಮಾತಿಲ್ಲ. ಹಳೆಯದೆಲ್ಲ ಕೆದಕಿ ಕೇಳಿ, "ಹೋದ ವರ್ಷದ್ದು ಸರಿಯಿಲ್ಲ. ತಿದ್ದುಪಡಿ ಕಳಿಸೋಣ" ಎಂದರು. ತಿದ್ದಿದರೆ ಸಾವಿರದ ನೂರು ಡಾಲರ್ ವಾಪಸು ಕಟ್ಟಬೇಕು. ಆ ದುಡ್ಡು ಆಗಲೇ ನನ್ನ ಅಡುಗೆಮನೆಯಲ್ಲಿ ಹೊಸ ಒಲೆಯಾಗಿ ಕೂತಿತ್ತು. "ಮುಂದಿನ ವರ್ಷ ನೋಡೋಣ" ಎಂದು ಎದ್ದು ಬಂದೆ.

ಇಷ್ಟಾದರೂ ನಾನು ಅಂಥ ಪಾಪಿಯೇನಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಅದೇ ತಪಸ್ಸುಕಾಲದ ಒಂದು ಶುಕ್ರವಾರ, ಮೀನಿನ ಸಾಲಿನಲ್ಲಿ ನಿಂತಾಗ ಫ್ಲಾರೆನ್ಸ್ ಕೇಳಿದಳು: "ಗಂಡ ಹೋದ ಮೇಲೆ ಇದೆಲ್ಲ ನಂಗೇ ಬಿದ್ದಿದೆ. ತೆರಿಗೆಗೆ ಯಾರ ಹತ್ರ ಹೋಗ್ಲಿ? ನೀನು ಯಾರ ಹತ್ರ ಹೋಗ್ತೀಯ?"

ನಾರ್ಬರ್ಟ್ ಎರಡು ಮಾರು ದೂರದಲ್ಲಿ ಜಾಲರಿ ಸೌಟು ಹಿಡಿದು ನಿಂತಿದ್ದ. ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ.

"ನಾರ್ಬರ್ಟ್ ಇದಾನಲ್ಲ, ಎಲ್ಲರೂ ಅವನ ಹತ್ರಾನೇ ಹೋಗೋದು" ಎಂದೆ.

ಸುಳ್ಳೂ ಅಲ್ಲ ನೋಡಿ. ಎಲ್ಲರೂ ಹೋಗುತ್ತಿದ್ದರು. ನಾನೊಬ್ಬಳೇ ಹೋಗುತ್ತಿರಲಿಲ್ಲ.

ಆ ಮಂಗಳವಾರ ಇದನ್ನೆಲ್ಲ ಫ್ಲಾರೆನ್ಸಳಿಗೆ ಹೇಳಲಿಲ್ಲ. ಶುಕ್ರವಾರ ಅವಳು ಕಾಗದ ಹಿಡಿದು ಬಾಣಲೆಯ ಹತ್ತಿರ ಹೋದಾಗ ಹಿಂದೆಯೇ ಹೋದೆ.

ನಾರ್ಬರ್ಟ್ ಓದಿ ಮುಗಿಸಿ, ಕೈಯೊರೆಸಿಕೊಂಡು ಕಾಗದ ವಾಪಸು ಕೊಟ್ಟ. "ಫ್ಲೋ, ಬಂಗಾರ, ಇದರಲ್ಲಿ ನಂದೇನಿದೆ ಹೇಳು? ಸಹಿ ನಿಂದು. ನಿಂಗೆ ಟೈಪ್ ಮಾಡೋಕೆ ಬರಲ್ಲ ಅಂತ ಮಾಡಿಕೊಟ್ಟೆ. ಚರ್ಚಿನವರು ಅಂದ್ಮೇಲೆ ಅಷ್ಟೂ ಮಾಡದಿದ್ರೆ ಹೇಗೆ?"

"ನಾನೆಲ್ಲಿ ವ್ಯಾಪಾರ ಅಂದೆ? ಪಿಯರೋಗಿ ಮಾಡ್ತೀನಿ ಅಂದೆ."

"ಎರಡು ಸಾವಿರದ ಮುನ್ನೂರು ಬಂದಾಗ ಯಾಕೆ ಬಂತು ಅಂತ ಕೇಳ್ಲಿಲ್ವಲ್ಲ."

ಫ್ಲಾರೆನ್ಸಳ ಕುತ್ತಿಗೆ ಕೆಂಪಾಯಿತು. ಅವನು ದನಿ ಇನ್ನಷ್ಟು ಮೆತ್ತಗೆ ಮಾಡಿ, ನನ್ನತ್ತ ಸೌಟು ತೋರಿಸಿದ. "ಬೇಕಾದ್ರೆ ಬರ್ನಿಸ್‌ನ ಕೇಳು. ಅವಳದ್ದೂ ನಾನೇ ಮಾಡಿದ್ದು. ಅವಳಿಗೇನಾದ್ರೂ ಕಾಗದ ಬಂತಾ? ಕೇಳು."

ಫ್ಲಾರೆನ್ಸ್ ತಿರುಗಿ ನನ್ನನ್ನು ನೋಡಿದಳು. ಸಾಲಿನಲ್ಲಿದ್ದವರೂ ನೋಡಿದರು.

"ನಂಗೆ... ಕಾಗದ ಬಂದಿಲ್ಲ" ಎಂದೆ.

ಅದೂ ನಿಜವೇ. ಅವಳು ತಲೆ ತಗ್ಗಿಸಿ ಪಿಯರೋಗಿಯ ಮೇಜಿಗೆ ಹೋಗಿ ಏಪ್ರನ್ ಕಟ್ಟಿಕೊಂಡಳು. ತಪ್ಪು ತನ್ನದೇ ಇರಬೇಕು ಎಂದುಕೊಂಡವರು ನಿಲ್ಲುವ ಹಾಗೆ ನಿಂತಿದ್ದಳು. ನನ್ನ ತಟ್ಟೆಯ ಮೀನನ್ನು ತಿನ್ನಲಾಗಲಿಲ್ಲ. ಪೇಪರ್ ಕರವಸ್ತ್ರದಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿದೆ.

ಮರುದಿನ ಪಾಪನಿವೇದನೆಗೆ ಹೋದೆ. ಚರ್ಚಿನ ಗುರುಗಳು ಕೇಳಿಸಿಕೊಂಡು, "ಇದನ್ನ ಆ ಹೆಣ್ಣುಮಗಳಿಗೆ ಹೇಳಿದೀರಾ?" ಎಂದರು. ಇಲ್ಲ ಎಂದೆ. "ಮತ್ತೆ ನನಗ್ಯಾಕೆ ಮೊದಲು ಹೇಳ್ತೀರಿ?" ಎಂದರು. ಮೂವತ್ತೈದರ ಹುಡುಗ, ಆದರೆ ಮಾತು ನೇರ.

ಸೋಮವಾರ ಫ್ಲಾರೆನ್ಸಳನ್ನು ಕಾರಿನಲ್ಲಿ ಕೂರಿಸಿಕೊಂಡು ಮಿಸೆಸ್ ಫಾನ್ ಹತ್ತಿರ ಹೋದೆ. ದಾರಿಯಲ್ಲೇ ಹೇಳಬೇಕೆಂದಿದ್ದೆ. ಪ್ರತಿ ಸಿಗ್ನಲ್ಲಿನಲ್ಲೂ ಬಾಯಿ ತೆರೆದೆ, ಹಸಿರು ಬೀಳುತ್ತಿದ್ದ ಹಾಗೆ ಮುಚ್ಚಿದೆ.

ಮಿಸೆಸ್ ಫಾನ್ ಕಾಗದವನ್ನೆಲ್ಲ ಹರಡಿಕೊಂಡು ಓದಿದರು. "ಹೋದ ವರ್ಷದ್ದೂ ಹೀಗೇ ಇದೆ. ಎರಡನ್ನೂ ತಿದ್ದಬೇಕು. ದುಡ್ಡು ಕಟ್ಟಲೇಬೇಕಮ್ಮ, ಅದು ನಿಮ್ಮದಲ್ಲ. ಕಂತಲ್ಲಿ ಕಟ್ಟಬಹುದು. ದಂಡದ ವಿಷಯ ಬೇರೆ. ಇದನ್ನ ಬೇರೆಯವರು ತುಂಬಿದ್ದು, ನಿಮಗೆ ಗೊತ್ತಿರಲಿಲ್ಲ ಅಂತ ತೋರಿಸಿದ್ರೆ ಇಲಾಖೆಯವರು ದಂಡ ಬಿಡಬಹುದು. ಆದ್ರೆ ಪತ್ರದಲ್ಲಿ ನೀವೇ ತುಂಬಿದ್ದು ಅಂತಿದೆ. ಆ ಮನುಷ್ಯ ಹೀಗೇ ಬೇರೆಯವರಿಗೂ ಮಾಡಿದಾನೆ ಅನ್ನೋಕೆ ಏನಾದ್ರೂ ಇದೆಯಾ?"

"ಎಲ್ಲಿಂದ ತರ್ಲಿ? ಯಾರು ತಮ್ಮ ಕಾಗದ ಕೊಡ್ತಾರೆ?" ಎಂದಳು ಫ್ಲಾರೆನ್ಸ್.

ನಾನು ಚೀಲದಿಂದ ನನ್ನ ಹಳೆಯ ರಿಟರ್ನ್ ತೆಗೆದು ಮೇಜಿನ ಮೇಲಿಟ್ಟೆ. ಜೊತೆಗೆ ನಾರ್ಬರ್ಟ್ ಹಾಲ್‌ನ ಪೇಪರ್ ಕರವಸ್ತ್ರದ ಮೇಲೆ ಪೆನ್ಸಿಲ್‌ನಲ್ಲಿ ಬರೆದುಕೊಟ್ಟಿದ್ದ ಲೆಕ್ಕ: ಉಣ್ಣೆಗೆ ಇಷ್ಟು, ಗಾಡಿಗೆ ಇಷ್ಟು, ಕೆಳಗೆ ಅವನ ಪಾಲು. ಯಾಕೆ ಇಟ್ಟುಕೊಂಡಿದ್ದೆನೋ. ಬಸ್ಸಿನ ಕೆಲಸದಲ್ಲಿ ಯಾವ ಚೀಟಿಯನ್ನೂ ಬಿಸಾಡದ ಅಭ್ಯಾಸ.

"ನಂದೂ ಹೀಗೇ. ಶಾಲಿನ ವ್ಯಾಪಾರ. ನನ್ನ ಹೆಸರು ಹಾಕಿ, ನಾನೂ ಬರೆದುಕೊಡ್ತೀನಿ. ನಂದನ್ನೂ ತಿದ್ದಿ" ಎಂದೆ.

ಫ್ಲಾರೆನ್ಸ್ ಕಾಗದ ಮುಟ್ಟಲಿಲ್ಲ.

"ಇದು ನಿಂಗೆ ಯಾವಾಗ ಗೊತ್ತಾಯ್ತು?"

"ಮೂರು ವರ್ಷ ಆಗ್ತಾ ಬಂತು."

"ನಾನು ನಿನ್ನ ಕೇಳೋಕೆ ಮುಂಚೆನಾ, ಆಮೇಲಾ?"

ಮಿಸೆಸ್ ಫಾನ್ ಎದ್ದು ಪ್ರಿಂಟರಿನ ಹತ್ತಿರ ಹೋಗಿ, ಅದರಲ್ಲಿದ್ದ ಹಾಳೆಗಳನ್ನು ತೆಗೆದು ಮತ್ತೆ ಜೋಡಿಸತೊಡಗಿದರು.

"ಮುಂಚೆ" ಎಂದೆ.

ಫ್ಲಾರೆನ್ಸ್ ಬೈಯಲಿಲ್ಲ. ಪೆನ್ನು ಕೇಳಿ, ತೋರಿಸಿದ ಕಡೆಯೆಲ್ಲ ಸಹಿ ಹಾಕಿದಳು. ಹಾಕುವ ಮೊದಲು ಪ್ರತಿ ಹಾಳೆಯನ್ನೂ ಓದಿಸಿ ಕೇಳಿದಳು. ಒಂದೂವರೆ ಗಂಟೆ ಹಿಡಿಯಿತು.

ವಾಪಸು ಬರುವಾಗ ನನ್ನ ಪಕ್ಕದಲ್ಲೇ ಕೂತಳು. ಬೇರೆ ದಾರಿ ಇರಲಿಲ್ಲ, ಹಿಂದಿನ ಸೀಟಿನ ತುಂಬ ಉಣ್ಣೆಯ ಚೀಲಗಳು. ಹೆದ್ದಾರಿಯ ಸೇತುವೆ ಇಳಿದ ಮೇಲೆ ನಾನೇ ಬಾಯಿಬಿಟ್ಟೆ. "ಫ್ಲೋ, ನೀನು ಕಟ್ಟಬೇಕಾದ್ದರಲ್ಲಿ ಅರ್ಧ ನಾನು ಕೊಡ್ತೀನಿ."

"ಬೇಡ."

"ಕೇಳು, ನನ್ನಿಂದಾನೇ ತಾನೇ—"

"ಬೇಡ ಅಂದ್ನಲ್ಲ. ದುಡ್ಡು ಕೊಟ್ಟು ನೀನು ಹಗುರ ಆಗೋಕೆ ನಾನ್ಯಾಕೆ ಸಹಾಯ ಮಾಡ್ಲಿ?" ಕಿಟಕಿಯ ಕಡೆ ತಿರುಗಿಯೇ ಮಾತಾಡಿದಳು. "ಅವನು ಮೋಸಗಾರ, ಸರಿ. ಅವನ ಕೆಲಸಾನೇ ಅದು. ನಾನು ಅವನನ್ನ ನಂಬಲಿಲ್ಲ ಬರ್ನಿಸ್. ನಾನು ನಂಬಿದ್ದು ನಿನ್ನನ್ನ."



ಅವಳ ಮನೆ ಮುಂದೆ ಗಾಡಿ ನಿಲ್ಲಿಸಿದೆ. ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟವಳು ಹಾಗೇ ಕೂತಳು. "ಹಾಲ್‌ನಲ್ಲಿ ಇನ್ನೂ ಎಷ್ಟು ಜನ ಅವನ ಹತ್ರ ಹೋಗ್ತಿದಾರೆ?"

"ಮೂವತ್ತು ನಲವತ್ತು ಮನೆ ಇರಬಹುದು."

"ನಂದು ಪೂರ್ತಿ ನಾನೇ ಕಟ್ಕೋತೀನಿ. ನೀನು ಅವರಿಗೆ ಹೇಳು. ಫೋನಲ್ಲಿ ಪಿಸುಗುಟ್ಟೋದಲ್ಲ. ಶುಕ್ರವಾರ, ಹಾಲ್‌ನಲ್ಲಿ, ಅವನಿಗೆ ಕೇಳಿಸೋ ಹಾಗೆ." ಬಾಗಿಲು ಹಾಕಿಕೊಂಡು ಹೋದಳು.

ಶುಕ್ರವಾರ ಐದೂವರೆಗೆಲ್ಲ ಹಾಲ್ ತುಂಬಿತ್ತು. ನಾರ್ಬರ್ಟ್ ಮೊದಲ ಬುಟ್ಟಿ ಮೀನು ಎಣ್ಣೆಗೆ ಬಿಟ್ಟಿದ್ದ. ಫ್ಲಾರೆನ್ಸ್ ತನ್ನ ಮೇಜಿನ ಹಿಂದೆ ಈರುಳ್ಳಿ ಬೆಣ್ಣೆ ಹಾಕಿ ಬಡಿಸುತ್ತಿದ್ದಳು. ನನ್ನ ಕಡೆ ನೋಡಲಿಲ್ಲ. ಮೈಕ್ ಹಿಡಿದು ಹೇಳಿ ಮುಗಿಸಿಬಿಡೋಣ ಎನ್ನಿಸಿತು. ಮೈಕಿನಲ್ಲಿ ಹೇಳಿದರೆ ಯಾರ ಮುಖವನ್ನೂ ನೋಡುವ ಕಷ್ಟವಿಲ್ಲ. ಅದಕ್ಕೇ ಮೈಕ್ ಬಿಟ್ಟೆ.

ಬಾಣಲೆಗೆ ತೀರ ಹತ್ತಿರದ ಮೇಜಿನಲ್ಲಿ ಸ್ಟ್ಯಾನ್, ಅವನ ಹೆಂಡತಿ ಡೊಲೋರಿಸ್ ಕೂತಿದ್ದರು. ಅಲ್ಲಿಂದಲೇ ಶುರು ಮಾಡಿದೆ. ಗಟ್ಟಿಯಾಗಿ ಹೇಳಿದೆ: ನಿಮ್ಮ ರಿಟರ್ನ್ ತೆಗೆದು ನೋಡಿ, ತುಂಬಿದವರ ಸಹಿ ಇರುವ ಜಾಗ ಖಾಲಿ ಇರುತ್ತದೆ. ಹಕ್ಕಿಗೂಡಿನ ವ್ಯಾಪಾರ ಅಂತ ಒಳಗಿರುತ್ತದೆ. ನನ್ನದರಲ್ಲಿ ಶಾಲು ಇತ್ತು.

ನಾರ್ಬರ್ಟ್ ಸೌಟು ಹಿಡಿದವನು ಹಾಗೇ ನಿಂತ. "ಬರ್ನಿಸ್! ಏನಾಗಿದೆ ನಿಂಗೆ?"

ನಾನು ತಿರುಗಲಿಲ್ಲ. ಡೊಲೋರಿಸ್ ಫೋರ್ಕ್ ಕೆಳಗಿಟ್ಟು ನನ್ನ ಮುಖ ನೋಡಿದಳು.

"ನಿಂಗೆ ಯಾವಾಗ ಗೊತ್ತಾಗಿದ್ದು ಇದು?"

"ಮೂರು ವರ್ಷದ ಹಿಂದೆ."

"ಇಷ್ಟು ದಿನ ಏನ್ಮಾಡ್ತಿದ್ದೆ?"

"ಸುಮ್ಮನಿದ್ದೆ."

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಸ್ಟ್ಯಾನ್ ಕೋಟು ಹುಡುಕಿದ. ನಾನು ಪಕ್ಕದ ಮೇಜಿಗೆ ಹೋದೆ. ಅಲ್ಲಿಯೂ ಅದೇ ಎರಡು ಪ್ರಶ್ನೆ, ಅದೇ ಉತ್ತರ. ಹಾಲ್‌ನಲ್ಲಿ ಒಟ್ಟು ಇಪ್ಪತ್ತೆರಡು ಮೇಜುಗಳಿದ್ದವು.