ಪಾಚಿಬಂಡೆಯ ಕಾವಲು

ಜಲಪಾತದ ಉದ್ಯಾನ ತೆರೆದಿರುವುದು ವರ್ಷಕ್ಕೆ ನಾಲ್ಕೇ ತಿಂಗಳು. ಅಷ್ಟಕ್ಕೆ ಅರಣ್ಯ ಇಲಾಖೆ ನಮ್ಮನ್ನು ಹಂಗಾಮಿ ಕಾವಲುಗಾರರಾಗಿ ತೆಗೆದುಕೊಳ್ಳುತ್ತದೆ. ಹಂಗಿನಲ್ಲಿರುವ ಆಸಾಮಿಯೇ ಹಂಗಾಮಿ ಎಂದು ನಾನು ಬಂದಾಗಿನಿಂದ ಹೇಳುತ್ತಿದ್ದೇನೆ. ನಗುವವರು ಹೊಸಬರು ಮಾತ್ರ.

ಈ ಸಲ ಹೊಸಬರ ಸಾಲಿನಲ್ಲಿ ನನ್ನ ಹೆಂಡತಿಯೂ ನಿಂತಿದ್ದಳು. ನಾಲ್ಕು ವರ್ಷ ಈ ತಿಂಗಳುಗಳಲ್ಲಿ ನಾನಿಲ್ಲಿ, ಅವಳು ಊರಲ್ಲಿ. ಗಂಡ ಹೆಂಡತಿ ಇಬ್ಬರಿಗೂ ಕೆಲಸವಿದ್ದರೆ ಉಗ್ರಾಣದ ಪಕ್ಕದ ಕೋಣೆ ಸಿಗುತ್ತದೆ: ಎರಡು ಮಂಚ, ಒಂದು ಒಲೆ, ಒಂದು ಕಿಟಕಿ. ಆ ಕಿಟಕಿಗೆ ಅವಳು ಆಗಲೇ ಪರದೆ ಹೊಲಿದು ಬ್ಯಾಗಿನಲ್ಲಿಟ್ಟುಕೊಂಡು ಬಂದಿದ್ದಳು. ಖಾಲಿ ಇದ್ದದ್ದು ಒಂದೇ ಜಾಗ, ಜಲಪಾತದ ಅಂಚಿನಲ್ಲಿ ಕಾಲು ಜಾರಿಸುವ ಪಾಚಿಬಂಡೆಯ ಕಾವಲು.

ನಮ್ಮ ರೇಂಜರ್ ಸಾಹೇಬರ ಸಂದರ್ಶನಕ್ಕೆ ಮೇಜು ಕುರ್ಚಿ ಇಲ್ಲ. ಹಠಮಾರಿ ಪ್ರವಾಸಿಯಂತೆ ಅವರೇ ಬಂಡೆಯ ಮುಂದಿನ ಹಗ್ಗ ದಾಟಲು ಹೊರಡುತ್ತಾರೆ. ಮೈ ಮುಟ್ಟದೆ, ಕೂಗಾಡದೆ ತಡೆದವರಿಗೆ ಕೆಲಸ. ಈ ಸಲ ಅವರ ಗಂಟಲು ಕಟ್ಟಿತ್ತು. ಅರಣ್ಯರೋದನಕ್ಕೂ ಗಂಟಲು ಬೇಕಲ್ಲ.

"ಎಲ್ಲರ ಅಣಕ ಮಾಡ್ತೀಯಲ್ಲ," ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು, "ಇವತ್ತು ಪ್ರವಾಸಿ ನೀನೇ."

ಮೊದಲು ಬಂದ ಪೈಲ್ವಾನ ನೇರ ನನ್ನ ಕಾಲರಿಗೇ ಕೈ ಹಾಕಿದ. ಆಮೇಲೆ ಬಂದ ಮಾಜಿ ಮೇಷ್ಟ್ರು ಪಾಚಿಯ ಬಗ್ಗೆ ಪಾಠ ಶುರು ಮಾಡಿದರು. ಅವರು 'ಪಾಚಿಗೆ ಬೇರಿಲ್ಲ' ಎನ್ನುವಷ್ಟರಲ್ಲಿ ನಾನು ಹಗ್ಗದಾಚೆ ಕೂತಿದ್ದೆ.

ಮೂರನೆಯವಳು ನನ್ನವಳು. ಸಡಿಲ ಬಿಟ್ಟರೆ 'ಗಂಡ ಗೆಲ್ಲಿಸಿದ' ಅಂತಾರೆ, ಮೊದಲು ಅನ್ನುವವಳು ಅವಳೇ. ಹಾಗಾಗಿ ನನಗೆ ಗೊತ್ತಿರುವ ಅತಿ ದೊಡ್ಡ ಹಠಮಾರಿಯನ್ನೇ ಮೈಮೇಲೆ ತಂದುಕೊಂಡೆ: ಅವಳಪ್ಪ. ಹೊಟ್ಟೆ ಮುಂದೆ ಮಾಡಿ, ಮೂಗಿನಲ್ಲೇ ಶುರು ಮಾಡಿದೆ.

"ಏನಮ್ಮ, ನನಗೇ ಹಗ್ಗ ಅಡ್ಡ ಕಟ್ತೀಯಾ? ಏಳೂರಿನ ನೀರು ಕುಡಿದವನು ನಾನು."

ಅವಳ ತುಟಿಯ ತುದಿ ಒಮ್ಮೆ ಅದುರಿತು. "ಹೋಗಿ ಯಜಮಾನ್ರೇ," ಎಂದು ಹಗ್ಗವನ್ನೇ ಎತ್ತಿ ಹಿಡಿದಳು.

ಕೋಣೆ, ಕಿಟಕಿ, ಪರದೆ ಎಲ್ಲ ನೀರುಪಾಲು.

ಅವಳು ಬ್ಯಾಗಿನಿಂದ ಒಂದು ಪುಸ್ತಕ ತೆಗೆದಳು. "ಇದರಲ್ಲಿ ನಿಮ್ಮ ಹೆಸರು, ಮನೆಯವರ ಫೋನ್ ನಂಬರ್ ಬರೀರಿ. ಚಪ್ಪಲಿ ಇಲ್ಲೇ ಬಿಡಿ, ಆಮೇಲೆ ಅಮ್ಮನಿಗೆ ಗುರುತು ತೋರಿಸೋಕೆ ಬೇಕಾಗುತ್ತೆ."

ಮಾವ ಊರಿಗೇ ಹುಲಿ, ಅತ್ತೆಯ ಮುಂದೆ ಇಲಿ. ನನ್ನೊಳಗಿದ್ದ ಮಾವ ತಾನಾಗಿಯೇ ಒಂದು ಹೆಜ್ಜೆ ಹಿಂದೆ ಸರಿದ. "ನಂಬರ್ ಯಾಕಮ್ಮ? ಅವಳಿಗೆ ಹೇಳ್ಬೇಡ."

"ಹೇಳಲ್ಲ. ಅಗೋ, ಆ ಬೆಂಚಿನ ಮೇಲೆ ಕೂತ್ಕೊಳ್ಳಿ. ಅಲ್ಲಿಂದ ನೋಡಿದ್ರೂ ನೀರು ಬೀಳುತ್ತೆ. ನೀವು ಬೀಳಲ್ಲ, ಅಷ್ಟೇ ವ್ಯತ್ಯಾಸ."

ಬೆಂಚಿನ ಮೇಲೆ ಕೂತಾದ ಮೇಲೆಯೇ ನಾನು ಕೂತಿದ್ದೇನೆಂದು ನನಗೆ ತಿಳಿದದ್ದು. ಸಾಹೇಬರು ದನಿಯಿಲ್ಲದೆ ನಗುತ್ತಿದ್ದರು, ಭುಜ ಮಾತ್ರ ಕುಣಿಯುತ್ತಿತ್ತು. ಪುಸ್ತಕ ಇಸಿದುಕೊಂಡು ನೋಡಿದರು. ಮನೆ ಸಾಮಾನಿನ ಪಟ್ಟಿ. ಮೊದಲ ಸಾಲು: 'ಕಿಟಕಿ ಪರದೆ'. ಎದುರಿಗೆ 'ಆಯ್ತು' ಎಂಬ ಗುರುತು.

"ಕೋಣೆ ಬೀಗದ ಕೈ ಆಫೀಸಲ್ಲಿದೆ, ತಗೊಳ್ಳಮ್ಮ," ಎಂದು ಪಿಸುಗುಟ್ಟಿದರು. "ನಾಳೆಯಿಂದ ಬಂಡೆ ಹತ್ತಿರ ಇಂಥದ್ದೇ ಒಂದು ಪುಸ್ತಕ ಇಡೋಣ."

ಸಂಜೆ ಪರದೆ ಕಟ್ಟಿದೆವು. ಒಂದು ಗೇಣು ಗಿಡ್ಡ. ಇರಲಿ, ಗಾಳಿಗೂ ದಾರಿ ಬೇಕು. ಚಹಾ ಕುಡಿದು ಬರೋಣವೆಂದು ನಾನು ಬಾಗಿಲಿಗೆ ಬಂದರೆ ಅವಳು ಪುಸ್ತಕ ಮುಂದೆ ಚಾಚಿದಳು.

"ಹೆಸರು, ಮನೆಯವರ ನಂಬರ್."

ಬರೆದುಕೊಟ್ಟೆ. ಚಪ್ಪಲಿ ಮಾತ್ರ ಬಿಡಲಿಲ್ಲ. ಚಹಾದಂಗಡಿ ದಾರಿಯಲ್ಲಿ ಕಲ್ಲು ಜಾಸ್ತಿ.